ಹ್ಯಾಂಡಲ್ ಕೋನ್ ಸೆಟ್ ಬದಲಿಸುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಬೈಕಿಗೆ ಡಬಲ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ನೆಲ ಬಿಡುವಂತೆ ಕೆಳಗೆ ಮರದ ದಿಮ್ಮಿ ಕೊಡಿ. ಹ್ಯಾಂಡಲನ್ನು ಒಂದೇ ಬೆರಳಲ್ಲಿ ನಿಧಾನವಾಗಿ ಎಡದಿಂದ ಬಲಕ್ಕೆ ತಳ್ಳಿ. ನಟ್ಟನಡುವೆ ಬಂದಾಗ ಹಳ್ಳಕ್ಕೆ ಇಳಿದಂತೆ ಟಕ್ಕೆಂದು ಕೂತರೆ ಕೋನ್ ಸೆಟ್ ಹೋಗಿದೆ. ಗಾಡಿ ಹೆಚ್ಚಿನ ಹೊತ್ತು ಓಡುವುದು ನೇರಕ್ಕೆ. ರಸ್ತೆಗುಂಡಿಯ ಪೆಟ್ಟೆಲ್ಲ ಗುಂಡುಗಳ ಮೂಲಕ ಕಪ್ಪಿನ ಅದೇ ಜಾಗಕ್ಕೆ ಬಿದ್ದು ಅಲ್ಲಿ ಗುಳಿಯಾಗುತ್ತದೆ. ಗುಳಿ ಬಿದ್ದ ಕಪ್ಪು ನಟ್ಟು ಬಿಗಿದರೆ ಸರಿಹೋಗುವುದಿಲ್ಲ. ಬದಲಿಸಲೇಬೇಕು.

ಮಾಡಬೇಕಾದ್ದು

1. ಬಿಚ್ಚುವ ಮೊದಲು ದೋಷ ಎಲ್ಲಿದೆಯೆಂದು ಖಚಿತ ಮಾಡಿಕೊಳ್ಳಿ. ಒಬ್ಬರು ಫೋರ್ಕಿನ ಬುಡ ಹಿಡಿದು ಹಿಂದೆ ಮುಂದೆ ಎಳೆಯಲಿ. ಇನ್ನೊಬ್ಬರು ಫ್ರೇಮಿನ ಕತ್ತೂ ಕೆಳಗಿನ ಟಿ ಸ್ಟೆಮ್ಮೂ ಕೂಡುವ ಸಂದಿಗೆ ಬೆರಳಿಟ್ಟು ನೋಡಲಿ. ಆಟ ಅಲ್ಲಿ ತಗುಲದಿದ್ದರೆ ಫೋರ್ಕ್ ಬುಷ್, ವೀಲ್ ಬೇರಿಂಗ್ ಪರೀಕ್ಷಿಸಿ.

2. ಟ್ಯಾಂಕ್ ತೆಗೆದಿಡಿ, ಇಲ್ಲವೇ ದಪ್ಪ ಬಟ್ಟೆ ಹೊದಿಸಿ. ಬ್ರೇಕ್ ಆಯಿಲ್ ತೊಟ್ಟಿಕ್ಕಿದರೆ ಪೇಂಟ್ ಏಳುತ್ತದೆ.

3. ವೈರು, ಕೇಬಲ್ಲು ಹಾದಿರುವ ದಾರಿಯನ್ನು ಫೋಟೊ ತೆಗೆದಿಟ್ಟುಕೊಳ್ಳಿ.

4. ಟಿ ಸ್ಟೆಮ್ ಇಳಿಸುವ ಮುನ್ನ ಕೆಳಗೆ ಅಗಲವಾದ ಬಟ್ಟೆ ಹಾಸಿ. ಗುಂಡುಗಳು ಉದುರುತ್ತವೆ. ಮೇಲಿನವು ಎಷ್ಟು, ಕೆಳಗಿನವು ಎಷ್ಟು ಎಂದು ಬೇರೆ ಬೇರೆ ಎಣಿಸಿ, ಮ್ಯಾನ್ಯುಯಲ್ ಲೆಕ್ಕದೊಡನೆ ತಾಳೆ ನೋಡಿ. ಹಿಂದೆ ಬಿಚ್ಚಿದವರೇ ಒಂದನ್ನು ಕಳೆದಿರಬಹುದು. ಹಳೆಯ ಕಾಸ್ಟ್ ಐರನ್ ಬುಲೆಟ್ಟಿಗೆ ಮೇಲೆ 19, ಕೆಳಗೆ 19, ಒಟ್ಟು 38 ಕಾಲಿಂಚಿನ ಗುಂಡುಗಳು.

5. ಕಪ್ಪು, ಕೋನು, ಗುಂಡು, ಧೂಳಿನ ಸೀಲು ಎಲ್ಲವನ್ನೂ ಒಟ್ಟಿಗೆ ಬದಲಿಸಿ.

6. ಹಳೆಯ ಕಪ್ಪನ್ನು ಒಳಗಿನಿಂದ ಉದ್ದ ರಾಡು ಕೊಟ್ಟು, ಒಂದು ಪೆಟ್ಟು ಆ ಬದಿ, ಒಂದು ಪೆಟ್ಟು ಈ ಬದಿ ಹೊಡೆದು ನೇರವಾಗಿ ಹೊರಡಿಸಿ. ಕೂರುವ ಜಾಗವನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ.

7. ಹೊಸ ಕಪ್ಪಿನ ಮೇಲೆ ಹಳೆಯ ಕಪ್ಪನ್ನಿಟ್ಟು ಅದಕ್ಕೆ ಹೊಡೆಯಿರಿ. ಪೂರ್ತಿ ಕೂತೊಡನೆ ಸದ್ದು ಬದಲಾಗಿ ಗಟ್ಟಿಯಾಗಿ ಕೇಳುತ್ತದೆ. ಅಲ್ಲಿಗೆ ಸುತ್ತಿಗೆ ಕೆಳಗಿಡಿ. ಸುತ್ತ ಸಂದಿಲ್ಲವೆಂದು ಕಣ್ಣಿಟ್ಟು ನೋಡಿ.

8. ಕೆಳಗಿನ ಕೋನ್ ಹಾಕುವ ಮೊದಲೇ ಧೂಳಿನ ಸೀಲು ಹಾಕಿ. ಮರೆತರೆ ಕೋನನ್ನು ಮತ್ತೆ ಕೀಳಬೇಕಾಗುತ್ತದೆ.

9. ನೀರು ತಡೆಯುವ, ಎನ್‌ಎಲ್‌ಜಿಐ 2 ದರ್ಜೆಯ ಲಿಥಿಯಂ ಗ್ರೀಸನ್ನು ಧಾರಾಳವಾಗಿ ತುಂಬಿ. ಗುಂಡುಗಳನ್ನು ಜಾಗದಲ್ಲಿ ಹಿಡಿದಿಡುವುದೂ ಈ ಗ್ರೀಸೇ.

10. ರಿಂಗ್ ನಟ್ಟನ್ನು ಸಿ-ಸ್ಪ್ಯಾನರಿನಲ್ಲಿ ಬಿಗಿದು, ಹ್ಯಾಂಡಲನ್ನು ಈ ತುದಿಯಿಂದ ಆ ತುದಿಗೆ ಐದಾರು ಬಾರಿ ತಿರುಗಿಸಿ. ನಟ್ಟನ್ನು ಸಡಿಲಿಸಿ, ಆಟ ಹೋಗುವಷ್ಟೇ ಮತ್ತೆ ಬಿಗಿಯಿರಿ. ಮೇಲಿನ ದೊಡ್ಡ ನಟ್ಟು ಕಟ್ಟಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ. ಆ ನಟ್ಟು ಬಿಗಿದಾಗ ಒಳಗಿನ ಬಿಗಿಯೂ ಏರುತ್ತದೆ.

ಮಾಡಬಾರದ್ದು

1. ಗುಂಡು ಮಾತ್ರ ಬದಲಿಸಬೇಡಿ. ಹಳೆಯ ಗುಳಿಯಲ್ಲಿ ಹೊಸ ಗುಂಡೂ ಹಾಗೆಯೇ ಕೂರುತ್ತದೆ.

2. ಗುಂಡು ಓಡುವ ಮೈಗೆ ಸುತ್ತಿಗೆಯನ್ನಾಗಲಿ ಉಳಿಯನ್ನಾಗಲಿ ಮುಟ್ಟಿಸಬೇಡಿ. ಒಂದೇ ಪೆಟ್ಟಿಗೆ ಹೊಸ ಕಪ್ಪು ಹಳೆಯದಾಗುತ್ತದೆ.

3. ಹೊಸ ಕಪ್ಪು ಓರೆಯಾಗಿ ಇಳಿಯತೊಡಗಿದರೆ ಹೊಡೆಯುತ್ತಾ ಹೋಗಬೇಡಿ. ಫ್ರೇಮಿನ ಕತ್ತಿನ ತೂತು ಅಗಲವಾದರೆ ಯಾವ ಕಪ್ಪೂ ನಿಲ್ಲುವುದಿಲ್ಲ. ಹೊರತೆಗೆದು ನೇರವಾಗಿಟ್ಟು ಶುರುಮಾಡಿ.

4. ಡಿಸ್ಕ್ ಬ್ರೇಕಿನ ಕ್ಯಾಲಿಪರನ್ನು ಪೈಪಿಗೆ ಜೋತುಬಿಡಬೇಡಿ, ತಂತಿಯಲ್ಲಿ ಕಟ್ಟಿ. ಅದು ಡಿಸ್ಕಿನಿಂದ ಹೊರಗಿರುವಾಗ ಬ್ರೇಕ್ ಲಿವರ್ ಒತ್ತಬೇಡಿ.

5. ಗ್ರೀಸಿನ ಬದಲಿಗೆ ಎಂಜಿನ್ ಆಯಿಲ್ ಹಾಕಬೇಡಿ.

6. "ಸ್ವಲ್ಪ ಬಿಗಿ ಇರಲಿ, ಆಮೇಲೆ ಸಡಿಲಾಗುತ್ತೆ" ಎನ್ನಬೇಡಿ. ಬಿಗಿಯಾದ ಹ್ಯಾಂಡಲ್ ನಿಧಾನದ ಓಟದಲ್ಲಿ ಗಾಡಿಯನ್ನು ಓಲಾಡಿಸುತ್ತದೆ, ಹೊಸ ಕಪ್ಪಿಗೂ ಗುಳಿ ಮಾಡುತ್ತದೆ. ಸಡಿಲ ಬಿಟ್ಟರೆ ಬ್ರೇಕ್ ಹಿಡಿದಾಗಲೆಲ್ಲ ಕಟ್ ಕಟ್ ಎನ್ನುತ್ತದೆ.

7. ಕೆಲಸ ಮುಗಿದ ಮೇಲೆ ಫ್ರೇಮಿನ ಕತ್ತಿನ ಸಂದಿಗೆ ಪ್ರೆಷರ್ ವಾಶ್ ನೀರು ನೇರ ಹೊಡೆಸಬೇಡಿ.

ಗಾಡಿ ಕೆಳಗಿಳಿಸುವ ಮುನ್ನ

ಚಕ್ರ ಗಾಳಿಯಲ್ಲಿರುವಾಗ ಹ್ಯಾಂಡಲನ್ನು ನಡುವಿನಿಂದ ಚೂರು ತಳ್ಳಿದರೆ ಅದು ತನ್ನ ಭಾರಕ್ಕೇ ಎರಡೂ ಕಡೆ ಕೊನೆಯವರೆಗೆ ಹೋಗಬೇಕು. ಹೋಗದಿದ್ದರೆ ಮೊದಲು ಕೇಬಲ್ ಎಳೆಯುತ್ತಿದೆಯೇ ನೋಡಿ, ಆಮೇಲೆ ನಟ್ಟು ಮುಟ್ಟಿ. ಎಂಜಿನ್ ಚಾಲೂ ಮಾಡಿ ಹ್ಯಾಂಡಲ್ ತಿರುಗಿಸಿ: ರೇಸ್ ಏರಿದರೆ ಆಕ್ಸಿಲರೇಟರ್ ಕೇಬಲ್ ದಾರಿ ತಪ್ಪಿದೆ. ಬ್ರೇಕ್ ಲಿವರನ್ನು ಗಟ್ಟಿಯಾಗುವವರೆಗೆ ಒತ್ತಿ, ಮೊದಲ ಓಟವನ್ನು ಖಾಲಿ ರಸ್ತೆಯಲ್ಲಿ ನಿಧಾನವಾಗಿ ಮಾಡಿ. ಸುಮಾರು 500 ಕಿ.ಮೀ. ಓಡಿದ ಮೇಲೆ ಕಪ್ಪುಗಳು ಇನ್ನಷ್ಟು ಕೂತು ಆಟ ಬಂದಿರಬಹುದು. ಅಂದು ಮತ್ತೆ ದಿಮ್ಮಿ ಕೊಟ್ಟು, ಮೊದಲು ಮಾಡಿದಂತೆಯೇ ಒಂದು ಬೆರಳಲ್ಲಿ ತಳ್ಳಿ ನೋಡಿ.