ಅದೇ ಫೈಲಿನಲ್ಲಿದ್ದ ಊರಿನ ವಿಳಾಸ

ಕಾರ್ಮಿಕ ನ್ಯಾಯಾಲಯದ ಸಾಕ್ಷಿಕಟ್ಟೆಯಲ್ಲಿ ನಿಂತಿದ್ದೆ. ಎದುರು ವಕೀಲರು ಹಳದಿ ಬಣ್ಣಕ್ಕೆ ತಿರುಗಿದ್ದ ಒಂದು ಹಾಳೆಯನ್ನು ನನ್ನ ಕೈಗೆ ಕೊಟ್ಟು ಕೇಳಿದರು: ‘ಈ ಫಾರಂ ತುಂಬಿಸಿಕೊಂಡವರು ಯಾರು?’ ನಾನೇ ಎಂದೆ. ‘ಖಾಯಂ ವಿಳಾಸ ಅನ್ನುವ ಕಡೆ ಏನು ಬರೆದಿದೆ, ಓದಿ.’ ಓದಿದೆ. ಪಾವಗಡ ತಾಲ್ಲೂಕಿನ ಒಂದು ಹಳ್ಳಿಯ ಹೆಸರು. ‘ಈ ವಿಳಾಸಕ್ಕೆ ಒಂದು ನೋಟಿಸಾದರೂ ಕಳಿಸಿದ್ರಾ?’

ಇಲ್ಲ ಎಂದೆ. ನಮ್ಮ ಕೇಸು ಅಲ್ಲಿಗೇ ಮುಗಿಯಿತು ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಆಮೇಲೂ ಅದು ಆರು ವರ್ಷ ನಡೆಯಿತು.

ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾನು ಆಗ ಪರ್ಸನೆಲ್ ಆಫೀಸರ್. ನೂರಿಪ್ಪತ್ತು ಜನ ಕೆಲಸಗಾರರು. ಆ ಫಾರಂನಲ್ಲಿ ಹೆಸರಿದ್ದಾತ ಅಲ್ಲಿ ಟರ್ನರ್, ಹನ್ನೊಂದು ವರ್ಷದ ಸರ್ವೀಸು. 2003ರಲ್ಲಿ ಮೂರು ದಿನ ರಜೆ ಹಾಕಿ ಊರಿಗೆ ಹೋದವನು ತಿಂಗಳಾದರೂ ಬರಲಿಲ್ಲ. ಆರ್ಡರ್‌ಗಳ ಒತ್ತಡವಿದ್ದ ಕಾಲ. ಒಂದು ಲೇತ್ ಖಾಲಿ ನಿಂತರೆ ಮುಂದಿನ ನಾಲ್ಕು ಜನರ ಕೈ ಕಟ್ಟಿದಂತೆ. ಮೇಲಿನವರು ದಿನಾ ಬೆಳಿಗ್ಗೆ ನನ್ನನ್ನು ಕೇಳುತ್ತಿದ್ದರು, ‘ಅವನದ್ದು ಏನು ಮಾಡಿದ್ರಿ?’

ನಾನು ಮಾಡಿದ್ದಿಷ್ಟು. ಲಗ್ಗೆರೆಯ ಅವನ ಬಾಡಿಗೆ ಕೋಣೆಗೆ ಇಂಗ್ಲಿಷಿನಲ್ಲಿ ಎರಡು ನೋಟಿಸು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆ. ಬಾಗಿಲು ಹಾಕಿದೆ ಎಂಬ ಷರಾದೊಂದಿಗೆ ಎರಡೂ ವಾಪಸು ಬಂದವು. ಪೇಪರಿನಲ್ಲಿ ಪ್ರಕಟಣೆ ಕೊಟ್ಟೆ. ಆಮೇಲೆ ಎನ್‌ಕ್ವೈರಿ. ನಮಗೆ ಸಲಹೆ ಕೊಡುತ್ತಿದ್ದ ವಕೀಲರೇ ವಿಚಾರಣಾಧಿಕಾರಿ. ನಾನು ಹಾಜರಿ ಪುಸ್ತಕ ತೋರಿಸಿದೆ, ಅವರು ಬರೆದುಕೊಂಡರು, ಏಕಪಕ್ಷೀಯ ಎಂದು ಕೊನೆಗೆ ಸೇರಿಸಿದರು. ನಲವತ್ತು ನಿಮಿಷ ಹಿಡಿಯಿತು. ಹನ್ನೊಂದು ವರ್ಷದ ಕೆಲಸ ಆ ನಲವತ್ತು ನಿಮಿಷದಲ್ಲಿ ಹೋಯಿತು.

ಎರಡು ತಿಂಗಳ ಹೊತ್ತಿಗೆ ಆತ ಬಂದ. ಸೆಕ್ಯುರಿಟಿಯವನು ಗೇಟಿನಲ್ಲೇ ತಡೆದು ನನಗೆ ಹೇಳಿಕಳಿಸಿದ. ಹೋದೆ. ಆತನ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರ ತುಂಬ ಆಸ್ಪತ್ರೆಯ ಕಾಗದ. ‘ಸಾರ್, ಒಂದ್ಮಾತು ಕೇಳಿ’ ಎಂದ. ಎಲ್ಲ ಮುಗಿದಿದೆ, ಇದಕ್ಕೆ ಸಹಿ ಹಾಕಿ ತಗೊಳ್ಳಿ ಎಂದು ವಜಾ ಆದೇಶ ಕೈಗಿತ್ತೆ. ಸಹಿ ಹಾಕುವಾಗ ಅವನ ಕೈ ನಡುಗಿತು. ನಾನು ನೋಡಿದೆ, ನೋಡಿಯೂ ಒಳಗೆ ನಡೆದೆ.

ನನ್ನ ತಲೆಯಲ್ಲಿ ಆಗ ಇದ್ದದ್ದು ಸ್ಥಾಯಿ ಆದೇಶದ, ಅಂದರೆ ಕಾರ್ಖಾನೆಯ ಸೇವಾ ನಿಯಮಗಳ, ಒಂದೇ ಒಂದು ಕಲಮು: ರಜೆ ಮುಗಿದ ಮೇಲೆ ಇಷ್ಟು ದಿನ ಬಾರದಿದ್ದರೆ ಕೆಲಸದ ಮೇಲಿನ ಹಕ್ಕು ತಾನಾಗಿಯೇ ಹೋಗುತ್ತದೆ. ಎನ್‌ಕ್ವೈರಿ ಮಾಡಿದ್ದೇ ನಮ್ಮ ಔದಾರ್ಯ ಎಂದುಕೊಂಡಿದ್ದೆ. ಆದರೆ ಡಿ.ಕೆ. ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದಕ್ಕೂ ಹತ್ತು ವರ್ಷ ಮೊದಲೇ, 1993ರಲ್ಲೇ, ಇದಕ್ಕೆ ಉತ್ತರ ಕೊಟ್ಟಿತ್ತು. ಅಲ್ಲಿಯೂ ಎಂಟು ದಿನಕ್ಕಿಂತ ಹೆಚ್ಚು ಗೈರಾದರೆ ಕೆಲಸ ಹೋಯಿತೆನ್ನುವ ಇಂಥದೇ ಕಲಮು. ಆ ಕಲಮು ಇದ್ದರೂ ಮನುಷ್ಯನ ಮಾತು ಕೇಳದೆ ಅವನ ಹೆಸರು ಕಿತ್ತುಹಾಕುವಂತಿಲ್ಲ, ದುಡಿಮೆಯ ದಾರಿ ಮುಚ್ಚುವುದು ಬದುಕಿನ ಹಕ್ಕಿಗೇ ಸಂಬಂಧಿಸಿದ್ದು ಎಂದು ಕೋರ್ಟು ಹೇಳಿತ್ತು. ನಾನು ಅದನ್ನು ಓದಿರಲಿಲ್ಲ. ಓದುವುದು ನನ್ನ ಕೆಲಸವಾಗಿತ್ತು.

ಆತ ಯಾರ ಹಂಗೂ ಇಲ್ಲದೆ ನ್ಯಾಯಾಲಯಕ್ಕೆ ಬಂದದ್ದೂ ನನಗೆ ಅಚ್ಚರಿಯಾಗಿತ್ತು. 1965ರವರೆಗೆ ಒಬ್ಬನೇ ಕಾರ್ಮಿಕನ ವಜಾ ಕೈಗಾರಿಕಾ ವಿವಾದವೇ ಅಲ್ಲ, ಯೂನಿಯನ್ ಅಥವಾ ಜೊತೆಯ ಕೆಲಸಗಾರರು ಕೈಗೆತ್ತಿಕೊಂಡರೆ ಮಾತ್ರ ವಿವಾದ. ಆ ವರ್ಷ 1947ರ ಕೈಗಾರಿಕಾ ವಿವಾದಗಳ ಕಾಯ್ದೆಗೆ 2-ಎ ಕಲಮು ಸೇರಿದ ಮೇಲೆ ಒಂಟಿ ಮನುಷ್ಯನ ದೂರಿಗೂ ಬೆಲೆ ಬಂತು. ನಮ್ಮ ರಾಜ್ಯದ ತಿದ್ದುಪಡಿಯಂತೂ ವಜಾ ಆದ ಆರು ತಿಂಗಳೊಳಗೆ ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಲು ಬಿಟ್ಟಿತ್ತು. ಊರಿನ ಮೇಷ್ಟರೊಬ್ಬರು ಇದನ್ನು ಅವನಿಗೆ ಹೇಳಿದರಂತೆ.

ನ್ಯಾಯಾಲಯ ಮೊದಲು ಎತ್ತಿಕೊಂಡದ್ದು ಎನ್‌ಕ್ವೈರಿ ಸರಿಯಾಗಿ ನಡೆದಿದೆಯೇ ಎಂಬ ಪ್ರಶ್ನೆಯನ್ನು. ಇಲ್ಲ ಎಂದಾಯಿತು. ಹಾಗಾದರೂ ಮಾಲೀಕರಿಗೆ ಇನ್ನೊಂದು ಅವಕಾಶವಿರುತ್ತದೆ, ಆರೋಪವನ್ನು ನ್ಯಾಯಾಲಯದ ಮುಂದೆಯೇ ಹೊಸದಾಗಿ ಸಾಬೀತು ಮಾಡಬಹುದು. ನಾವು ಸೂಪರ್‌ವೈಸರನ್ನು ಸಾಕ್ಷಿಗೆ ಕರೆತಂದೆವು. ಪಾಟೀಸವಾಲಿನಲ್ಲಿ ಅವರು ತಲೆ ತಗ್ಗಿಸಿ ಒಪ್ಪಿಕೊಂಡರು: ಐದನೆಯ ದಿನ ಆತ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದ್ದ, ತಂದೆಗೆ ಲಕ್ವ ಹೊಡೆದಿದೆ ಎಂದಿದ್ದ. ಅವರು ನನಗೆ ಹೇಳಲಿಲ್ಲ. ನಾನೂ ಅವರನ್ನು ಕೇಳಿರಲಿಲ್ಲ. ಸುಳ್ಳು ಹೇಳದ ಆ ಸೂಪರ್‌ವೈಸರ್ ಬಗ್ಗೆ ನನಗೆ ಇಂದಿಗೂ ಗೌರವವಿದೆ. ಆ ಮಾತಿನಿಂದ ಅವರ ಬಡ್ತಿ ನಿಂತುಹೋಯಿತು.

ನಾಲ್ಕು ವರ್ಷದ ಮೇಲೆ ತೀರ್ಪು ಬಂತು. ಮರುನೇಮಕ, ಸೇವಾ ನಿರಂತರತೆ, ಅರ್ಧ ಹಿಂಬಾಕಿ ವೇತನ. ಅರ್ಧ ಯಾಕೆಂದರೆ, ಆತ ಊರಿನಲ್ಲಿ ಎರಡೆಕರೆ ಖುಷ್ಕಿಯಲ್ಲಿ ಕಡಲೆಕಾಯಿ ಬೆಳೆಯುತ್ತಾನೆ, ಅವನಿಗೆ ಬೇರೆ ಸಂಪಾದನೆ ಇದೆ ಎಂದು ನಮ್ಮ ವಕೀಲರು ವಾದಿಸಿದ್ದರು. ಪಾವಗಡದ ಬರದಲ್ಲಿ ಎರಡೆಕರೆ ಕಡಲೆಕಾಯಿ ಎಷ್ಟು ಸಂಪಾದನೆ ಎಂದು ಗೊತ್ತಿದ್ದೂ ಹಾಗೆಂದು ಬರೆದ ಪ್ರಮಾಣಪತ್ರಕ್ಕೆ ನಾನೇ ಸಹಿ ಹಾಕಿದ್ದೆ.

ಆಡಳಿತ ಹೈಕೋರ್ಟಿಗೆ ಹೋಯಿತು. ಆಗ ಅದೇ 1947ರ ಕಾಯ್ದೆಯ 17-ಬಿ ಕಲಮು ಎದುರಾಯಿತು. ಮರುನೇಮಕದ ತೀರ್ಪನ್ನು ಮಾಲೀಕರು ಮೇಲಿನ ಕೋರ್ಟಿನಲ್ಲಿ ಪ್ರಶ್ನಿಸಿದರೆ, ತಾನು ಬೇರೆಲ್ಲೂ ಕೆಲಸದಲ್ಲಿಲ್ಲ ಎಂದು ಕಾರ್ಮಿಕ ಪ್ರಮಾಣಪತ್ರ ಕೊಟ್ಟಾಗ, ಕೇಸು ಮುಗಿಯುವತನಕ ಅವನ ಕೊನೆಯ ಸಂಬಳವನ್ನು ತಿಂಗಳು ತಿಂಗಳು ಕೊಡುತ್ತಿರಬೇಕಿತ್ತು. ಕೆಲಸ ಮಾಡಿಸಿಕೊಳ್ಳದೆ ಸಂಬಳ ಕೊಡುವುದು ಲೆಕ್ಕದವರಿಗೆ ಸಂಕಟವಾಯಿತು. ರಾಜಿಯ ಮಾತು ಶುರುವಾದದ್ದು ಆಮೇಲೆ, 2009ರಲ್ಲಿ.

ಗ್ರಾಚ್ಯುಯಿಟಿಯಲ್ಲೂ ತಪ್ಪು ಮಾಡಿದ್ದೆವು. ವಜಾ ಆದವನಿಗೆ ಏನೂ ಇಲ್ಲ ಎಂದು ತಡೆಹಿಡಿದಿದ್ದೆವು. 1972ರ ಗ್ರಾಚ್ಯುಯಿಟಿ ಕಾಯ್ದೆ ಅದನ್ನು ಮುಟ್ಟುಗೋಲು ಹಾಕಲು ಬಿಡುತ್ತಿದ್ದದ್ದು ಆಸ್ತಿಗೆ ನಷ್ಟ ಮಾಡಿದಾಗ, ದಾಂಧಲೆ ಅಥವಾ ಹಿಂಸೆಗಿಳಿದಾಗ, ಕೆಲಸದ ನಡುವೆ ನೈತಿಕ ಅಧಃಪತನದ ಅಪರಾಧ ಎಸಗಿದಾಗ. ಬರಿಯ ಗೈರುಹಾಜರಿ ಆ ಪಟ್ಟಿಯಲ್ಲಿರಲಿಲ್ಲ.

ಆ ಕೇಸಿನ ನಂತರ ನಿವೃತ್ತಿಯವರೆಗೆ ನನ್ನ ಮೇಜಿನಿಂದ ಹೊರಟ ಪ್ರತಿ ನೋಟಿಸು ಕನ್ನಡದಲ್ಲಿತ್ತು, ಫೈಲಿನಲ್ಲಿದ್ದ ಎಲ್ಲ ವಿಳಾಸಗಳಿಗೂ ಹೋಗುತ್ತಿತ್ತು. ವಿಚಾರಣಾಧಿಕಾರಿಯಾಗಿ ಹೊರಗಿನವರನ್ನು, ನಮಗೆ ಸಲಹೆ ಕೊಡದವರನ್ನು ಕರೆಸಿದೆ. ವರದಿಯ ಪ್ರತಿ ಕೆಲಸಗಾರನ ಕೈಸೇರಿ, ಅವನ ಉತ್ತರ ಬಾರದ ಹೊರತು ಶಿಕ್ಷೆಯ ಮಾತೆತ್ತಲಿಲ್ಲ. ಎಷ್ಟೋ ಸಲ ನೋಟಿಸಿಗೂ ಮೊದಲು ಅದೇ ಶಿಫ್ಟಿನ ಒಬ್ಬನನ್ನು ಬಸ್‌ಚಾರ್ಜು ಕೊಟ್ಟು ಊರಿಗೆ ಕಳಿಸಿದ್ದೇನೆ. ಹೋದವನು ಕರೆದುಕೊಂಡೇ ಬಂದದ್ದೂ ಉಂಟು, ಸಾವಿನ ಸುದ್ದಿ ತಂದದ್ದೂ ಉಂಟು. ಮೇಲಿನವರು ಇದನ್ನು ಮೆತ್ತಗಿನ ಆಡಳಿತ ಎಂದರು. ನಾನು ಒಪ್ಪಲಿಲ್ಲ. ಕಳ್ಳತನ ಮಾಡಿದ ಇಬ್ಬರನ್ನು ಇದೇ ಕ್ರಮದಲ್ಲಿ ವಜಾ ಮಾಡಿದ್ದೇನೆ, ಎರಡೂ ಆದೇಶ ನ್ಯಾಯಾಲಯದಲ್ಲಿ ನಿಂತವು.

2025ರ ನವೆಂಬರ್ 21ರಿಂದ 1947ರ ಆ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಅದರ ಪ್ರಕಾರ, ವಿವಾದ ಹುಟ್ಟಿ ಎರಡು ವರ್ಷ ಕಳೆದರೆ ಸಂಧಾನಾಧಿಕಾರಿ ಅದನ್ನು ಕೈಗೆತ್ತಿಕೊಳ್ಳುವಂತಿಲ್ಲ. ಕೆಲಸ ಕಳೆದುಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ, ನಾಳೆ ನೋಡೋಣ ಎನ್ನಬೇಡಿ. ನೇಮಕದ ಪತ್ರ, ಸಂಬಳದ ಚೀಟಿ, ಕಳಿಸಿದ ಕಾಗದದ ರಸೀದಿ ಜೋಪಾನವಾಗಿಟ್ಟುಕೊಳ್ಳಿ.

ರಾಜಿಯಾಗಿ ಆ ಟರ್ನರ್ ಮರಳಿ ಕೆಲಸಕ್ಕೆ ಸೇರಿದ ದಿನ ಡ್ಯೂಟಿ ಚೀಟಿ ಕೊಟ್ಟವನು ನಾನೇ. ಅವನ ಹಳೆಯ ಲೇತ್ ಇರಲಿಲ್ಲ, ಆ ಜಾಗದಲ್ಲಿ ಸಿಎನ್‌ಸಿ ಯಂತ್ರ ನಿಂತಿತ್ತು. ತಂದೆ ತೀರಿಕೊಂಡು ಐದು ವರ್ಷವಾಗಿತ್ತು. ಊಟದ ಹೊತ್ತಿನಲ್ಲಿ ಅವನ ಪಕ್ಕ ಕುಳಿತು ಕೇಳಿದೆ: ಅವತ್ತು ಗೇಟಿನ ಹತ್ತಿರ ಒಂದು ಮಾತು ಕೇಳಿ ಎಂದೆಯಲ್ಲ, ಏನು ಹೇಳಬೇಕೆಂದಿದ್ದೆ?

ಆತ ಸ್ವಲ್ಪ ಹೊತ್ತು ಡಬ್ಬಿಯ ಮುಚ್ಚಳವನ್ನೇ ನೋಡುತ್ತಿದ್ದ. ‘ಇನ್ನೊಂದು ಹದಿನೈದು ದಿನ ಸಂಬಳ ಇಲ್ಲದ ರಜೆ ಕೊಡಿ ಅಂತ ಕೇಳಕ್ಕೆ ಬಂದಿದ್ದೆ, ಸಾರ್’ ಎಂದ.