ಶಬ್ದವನ್ನು ಹಿಂದಿಕ್ಕಿದ ವಿಮಾನ

ಮೂಡಿಗೆರೆಯ ಕಾಫಿ ತೋಟಗಳಿಗೆ ಹೂಮಳೆಯ ದಿನಗಳು ಬಂದಾಗ ಬಲ್ಲಾಳರಾಯನ ದುರ್ಗದ ಕಡೆ ಮೊದಲು ಮಿಂಚು ಕಾಣುತ್ತದೆ. ಗುಡುಗು ತಡವಾಗಿ ಕಿವಿಯನ್ನು ಸೇರುತ್ತದೆ. ಬೆಳಕು ಕ್ಷಣಮಾತ್ರದಲ್ಲಿ ಕಣ್ಣನ್ನು ಮುಟ್ಟಿದರೆ, ಶಬ್ದಕ್ಕೆ ಒಂದು ಕಿಲೋಮೀಟರು ಸಾಗಲು ಸುಮಾರು ಮೂರು ಸೆಕೆಂಡುಗಳು ಬೇಕು. ಹಾಗಿದ್ದರೂ ಶಬ್ದವನ್ನು ಹಿಂದಿಕ್ಕುವುದು ಮನುಷ್ಯನಿಗೆ ಬಹುಕಾಲ ಅಸಾಧ್ಯವೆನಿಸಿತ್ತು. 1947ರಲ್ಲಿ ಅಮೆರಿಕದ ಚಕ್ ಯೇಗರ್ ಪರೀಕ್ಷಾ ವಿಮಾನವೊಂದರಲ್ಲಿ ಅದನ್ನು ಸಾಧಿಸಿದನು. ಸಾಹಸಿಯೊಬ್ಬನಿಗೆ ಸಾಧ್ಯವಾದುದು ಪ್ರಯಾಣಿಕರಿಗೂ ಸಾಧ್ಯವಾಗಬೇಕೆಂಬ ಹಂಬಲದಿಂದ ಹುಟ್ಟಿದುದೇ ಶಬ್ದಾತೀತ ಪ್ರಯಾಣಿಕ ವಿಮಾನ.

ಬ್ರಿಟನ್ ಮತ್ತು ಫ್ರಾನ್ಸ್ ದೇಶಗಳು 1962ರಲ್ಲಿ ಒಪ್ಪಂದ ಮಾಡಿಕೊಂಡು ಕಾನ್‌ಕಾರ್ಡ್ ವಿಮಾನದ ನಿರ್ಮಾಣಕ್ಕೆ ತೊಡಗಿದವು. 1969ರ ಮಾರ್ಚ್ 2ರಂದು ಅದು ಮೊದಲು ಹಾರಿತು; 1976ರ ಜನವರಿ 21ರಂದು ಪ್ರಯಾಣಿಕರ ಸೇವೆಗೆ ಇಳಿಯಿತು. ಸೋವಿಯತ್ ದೇಶದ ಟಿಯು-144 ಅದಕ್ಕಿಂತ ಎರಡು ತಿಂಗಳು ಮೊದಲೇ ಹಾರಿದ್ದರೂ ಅದರ ಪ್ರಯಾಣಿಕ ಸೇವೆ ಒಂದು ವರ್ಷವೂ ನಡೆಯಲಿಲ್ಲ. ಕಾನ್‌ಕಾರ್ಡ್ ಸುಮಾರು ನೂರು ಮಂದಿಯನ್ನು ಹೊತ್ತು, 18 ಕಿಲೋಮೀಟರು ಎತ್ತರದಲ್ಲಿ, ಗಂಟೆಗೆ 2,150 ಕಿಲೋಮೀಟರು ವೇಗದಲ್ಲಿ ಹಾರುತ್ತಿತ್ತು. ಮೂಡಿಗೆರೆಯಿಂದ ಚಿಕ್ಕಮಗಳೂರಿಗಿರುವಷ್ಟು ದೂರವನ್ನು ಕ್ರಮಿಸಲು ಅದಕ್ಕೆ ಒಂದು ನಿಮಿಷ ಸಾಕು! ಲಂಡನ್ನಿನಿಂದ ನ್ಯೂಯಾರ್ಕಿಗೆ ಇತರ ವಿಮಾನಗಳು ಏಳೆಂಟು ಗಂಟೆ ತೆಗೆದುಕೊಂಡರೆ, ಇದಕ್ಕೆ ಸುಮಾರು ಮೂರೂವರೆ ಗಂಟೆ ಸಾಕಾಗುತ್ತಿತ್ತು.

ಆದರೆ ಈ ವೇಗದ ಬೆಲೆಯನ್ನು ವಿಮಾನದೊಳಗಿದ್ದವರು ಮಾತ್ರ ತೆರಲಿಲ್ಲ. ಕೆರೆಯಲ್ಲಿ ವೇಗವಾಗಿ ಸಾಗುವ ದೋಣಿ ಎಬ್ಬಿಸಿದ ಅಲೆಗಳು ದಡವನ್ನು ಅಪ್ಪಳಿಸುವಂತೆ, ಶಬ್ದಾತೀತ ವಿಮಾನವು ಒತ್ತರಿಸಿದ ಗಾಳಿಯು ಆಘಾತತರಂಗವಾಗಿ ನೆಲವನ್ನು ಮುಟ್ಟುತ್ತದೆ. ಕೆಳಗಿನವರಿಗೆ ಅದು ಸಿಡಿಲಿನಂತಹ ಸದ್ದಾಗಿ ಕೇಳಿಸುತ್ತದೆ. ಶಬ್ದದ ವೇಗವನ್ನು ದಾಟುವ ಕ್ಷಣದಲ್ಲಿ ಮಾತ್ರ ಈ ಸದ್ದು ಉಂಟಾಗುವುದೆಂದು ಹಲವರು ಭಾವಿಸುವುದುಂಟು. ವಾಸ್ತವವಾಗಿ ವಿಮಾನವು ಆ ವೇಗದಲ್ಲಿರುವಷ್ಟು ದೂರವೂ, ಹತ್ತಾರು ಕಿಲೋಮೀಟರು ಅಗಲದ ಪಟ್ಟಿಯುದ್ದಕ್ಕೂ ಅದು ಹಿಂಬಾಲಿಸುತ್ತದೆ. ಅಂತಹ ವಿಮಾನವೊಂದು ಮೂಡಿಗೆರೆಯ ಮೇಲೆ ಹಾದುಹೋದರೆ, ಕಾಫಿ ಹಣ್ಣು ಕೊಯ್ಯುವವರು, ಶಾಲೆಯ ಮಕ್ಕಳು, ತೊಟ್ಟಿಲ ಕೂಸು, ಹೀಗೆ ಎಂದೂ ಅದನ್ನು ಏರದವರೆಲ್ಲರೂ ಬೆಚ್ಚಿಬೀಳಬೇಕಾಗುತ್ತದೆ. ಅಮೆರಿಕವು 1973ರಲ್ಲಿ ತನ್ನ ನೆಲದ ಮೇಲೆ ನಾಗರಿಕ ವಿಮಾನಗಳ ಶಬ್ದಾತೀತ ಹಾರಾಟವನ್ನು ನಿಷೇಧಿಸಿತು. ಭಾರತವೂ ತನ್ನ ಆಕಾಶದಲ್ಲಿ ಕಾನ್‌ಕಾರ್ಡ್‌ನ ಆ ವೇಗಕ್ಕೆ ಎಡೆಗೊಡಲಿಲ್ಲ. ಲಂಡನ್-ಸಿಂಗಪುರ ಮಾರ್ಗವು 1980ರಲ್ಲಿ ನಿಂತುಹೋಗಲು ಇದೂ ಒಂದು ಕಾರಣವಾಯಿತು.

ಕಾನ್‌ಕಾರ್ಡ್‌ನ ಇಂಧನದ ಹಸಿವೂ ಅಪಾರವಾಗಿತ್ತು. ಏರ್ ಇಂಡಿಯಾ ಸಂಸ್ಥೆಯು ಎರಡು ಕಾನ್‌ಕಾರ್ಡ್‌ಗಳನ್ನು ಕಾದಿರಿಸಿದ್ದರೂ 1975ರಲ್ಲಿ ಆ ಯೋಚನೆಯನ್ನು ಕೈಬಿಟ್ಟಿತು. ಅದು 1971ರಲ್ಲಿ ಪಡೆದ ಬೋಯಿಂಗ್ 747 ಜಂಬೋ ವಿಮಾನವು ಮೂರು ಪಟ್ಟಿಗೂ ಹೆಚ್ಚು ಜನರನ್ನು, ತಲೆಗೆ ತಗಲುವ ಇಂಧನವೆಚ್ಚವನ್ನು ಬಹಳ ತಗ್ಗಿಸಿ, ಒಯ್ಯಬಲ್ಲುದಾಗಿತ್ತು. ಲೋಕವು ಆರಿಸಿಕೊಂಡುದು ಅದನ್ನೇ. ನಿರ್ಮಾಣಗೊಂಡ 20 ಕಾನ್‌ಕಾರ್ಡ್‌ಗಳಲ್ಲಿ 14 ಮಾತ್ರ ಪ್ರಯಾಣಿಕರ ಸೇವೆಗೆ ಬಂದವು. 2000ದ ಜುಲೈ 25ರಂದು ಪ್ಯಾರಿಸ್ ಬಳಿ ಸಂಭವಿಸಿದ ಅಪಘಾತದಲ್ಲಿ 113 ಮಂದಿ ಮಡಿದರು. 2003ರ ಅಕ್ಟೋಬರ್ 24ರಂದು ಕಾನ್‌ಕಾರ್ಡ್‌ನ ಪ್ರಯಾಣಿಕ ಸೇವೆ ಕೊನೆಗೊಂಡಿತು.

ಹಾಗಾದರೆ ಆ ಪರಿಶ್ರಮವೆಲ್ಲ ವ್ಯರ್ಥವಾಯಿತೆ? ಹಾಗೆನ್ನಲಾಗದು. ವಿದ್ಯುತ್ ಸಂಕೇತಗಳ ಮೂಲಕ ವಿಮಾನವನ್ನು ನಿಯಂತ್ರಿಸುವ ವಿಧಾನ ಮತ್ತು ಇಂಗಾಲದ ಬ್ರೇಕುಗಳು ಅದರಲ್ಲಿ ಬಳಕೆಗೊಂಡು, ಮುಂದೆ ಇತರ ಪ್ರಯಾಣಿಕ ವಿಮಾನಗಳಲ್ಲಿಯೂ ನೆಲೆಯೂರಿದವು. ಶಬ್ದಾತೀತ ವೇಗದ ವಿದ್ಯೆಯು ಕರ್ನಾಟಕಕ್ಕೂ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಧವನ್ ಅವರು 1950ರ ದಶಕದಲ್ಲಿಯೇ ಅದರ ಅಧ್ಯಯನಕ್ಕೆ ಬೇಕಾದ ಗಾಳಿಸುರಂಗವನ್ನು ನಿರ್ಮಿಸಿದರು. ಅದೇ ನಗರದಲ್ಲಿ ರೂಪುಗೊಂಡ ಮಾರುತ್ ಯುದ್ಧವಿಮಾನವು 1961ರಲ್ಲಿ ಹಾರಿದರೂ, ತಕ್ಕ ಎಂಜಿನ್ ದೊರೆಯದೆ ತನ್ನ ಗುರಿಯ ವೇಗವನ್ನು ಮುಟ್ಟಲಿಲ್ಲ. ಆ ನಗರದಲ್ಲಿಯೇ ಬೆಳೆದ ತೇಜಸ್ ಯುದ್ಧವಿಮಾನವು 2003ರ ಆಗಸ್ಟ್ 1ರಂದು ಶಬ್ದದ ವೇಗವನ್ನು ದಾಟಿತು. ಕಾನ್‌ಕಾರ್ಡ್ ನಿವೃತ್ತಿ ಹೊಂದಿದುದೂ ಅದೇ ವರ್ಷ.

ಅಮೆರಿಕದಲ್ಲಿ 2025ರ ಜೂನ್ ತಿಂಗಳಲ್ಲಿ ಹಳೆಯ ನಿಷೇಧವನ್ನು ತೆಗೆದುಹಾಕುವಂತೆ ಆದೇಶ ಹೊರಟಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ನಾಸಾ ಸಂಸ್ಥೆಯ ಎಕ್ಸ್-59 ವಿಮಾನವು ಮೊದಲು ಹಾರಿತು. ಶಬ್ದವನ್ನು ಮೀರುವುದಷ್ಟೇ ಅದರ ಗುರಿಯಲ್ಲ. ನೆಲಕ್ಕೆ ತಲಪುವ ಸದ್ದನ್ನು ಮೆದುಗೊಳಿಸುವುದೂ ಅದರ ಗುರಿ. ಕಾನ್‌ಕಾರ್ಡ್ ಕಲಿಸಿದ ದೊಡ್ಡ ಪಾಠವು ಇದರಲ್ಲಿ ಅಡಗಿದೆ. ಎಷ್ಟು ಬೇಗ ತಲಪಬಲ್ಲೆವು ಎಂದು ಕೇಳುವಾಗ, ಆ ಅವಸರದ ಹೊರೆಯನ್ನು ಯಾರು ಹೊರುವರು ಎಂಬುದನ್ನೂ ಕೇಳಬೇಕು. ಆಕಾಶವು ಅದರಲ್ಲಿ ಹಾರುವವರಿಗೆ ಸೇರಿದಷ್ಟೇ, ಅದರ ಕೆಳಗೆ ಬಾಳುವವರಿಗೂ ಸೇರಿದುದು.