ವಿಶೇಷ ಮಕ್ಕಳ ಕಾಲೇಜು ಖರ್ಚು: ತಂದೆತಾಯಂದಿರಿಗೆ ಒಂದು ಪಾಠ



ನಮ್ಮ ಕೂಟದ ಕಾರ್ಯಕ್ರಮಗಳಲ್ಲಿ ಹೈಸ್ಕೂಲು ಮಕ್ಕಳ ತಂದೆತಾಯಂದಿರು ಸೇರಿದರೆ ಮಾತು ಎಸ್.ಎ.ಟಿ. ಅಂಕ, ಕಾಲೇಜು ಪ್ರವೇಶ, ಫೀಸುಗಳ ಕಡೆಗೇ ತಿರುಗುತ್ತದೆ. ಆಗ ಬೌದ್ಧಿಕ ವಿಕಲತೆಯಿರುವ ಮಗುವಿನ ತಂದೆಯೋ ತಾಯಿಯೋ ಊಟದ ತಟ್ಟೆ ಹಿಡಿದು ಮೆಲ್ಲಗೆ ಆಚೆ ಸರಿಯುವುದನ್ನು ಕಂಡಿದ್ದೇನೆ. ನಾನೂ ಅಂಥ ಒಬ್ಬ ತಂದೆ. ಡೌನ್ ಸಿಂಡ್ರೋಮ್ ಇರುವ ನನ್ನ ಮಗ ಈಗ ಕಾಲೇಜಿನ ಎರಡನೆಯ ವರ್ಷದಲ್ಲಿದ್ದಾನೆ. "ಇಂಥ ಮಕ್ಕಳಿಗೂ ಕಾಲೇಜು ಇದೆಯೇ? ದುಡ್ಡು ಹೇಗೆ ಹೊಂದಿಸಿದಿರಿ?" ಎಂದು ಫೋನ್ ಮಾಡಿ ಕೇಳುವವರಿಗೆ ಹೇಳುತ್ತಾ ಬಂದದ್ದನ್ನೇ ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಇಲ್ಲಿರುವುದೆಲ್ಲ ಅಮೆರಿಕದ ನಿಯಮಗಳು.

1. ಕಾರ್ಯಕ್ರಮದ ಆಯ್ಕೆ

2008ರ ಉನ್ನತ ಶಿಕ್ಷಣ ಕಾಯಿದೆ ನಮ್ಮ ಮಕ್ಕಳಿಗೆ ದೊಡ್ಡ ಬಾಗಿಲು ತೆರೆಯಿತು. ಕೇಂದ್ರ ಶಿಕ್ಷಣ ಇಲಾಖೆ ಒಪ್ಪಿದ 'ಸಿ.ಟಿ.ಪಿ.' ಕಾರ್ಯಕ್ರಮಕ್ಕೆ ಸೇರಿದರೆ, ಹೈಸ್ಕೂಲು ಡಿಪ್ಲೊಮಾ ಇಲ್ಲದಿದ್ದರೂ, ಡಿಗ್ರಿಗೆ ಓದದಿದ್ದರೂ, ಸರ್ಕಾರದ ಮೂರು ಬಗೆಯ ನೆರವಿಗೆ ಅರ್ಜಿ ಹಾಕಬಹುದು: ಪೆಲ್ ಗ್ರಾಂಟ್, ಸಪ್ಲಿಮೆಂಟಲ್ ಗ್ರಾಂಟ್ ಮತ್ತು ವರ್ಕ್ ಸ್ಟಡಿ. ಸರ್ಕಾರದ ವಿದ್ಯಾರ್ಥಿ ಸಾಲ ಮಾತ್ರ ಸಿಗುವುದಿಲ್ಲ.

ವರ್ಜೀನಿಯಾದ ಜಾರ್ಜ್ ಮೇಸನ್, ಟೆನೆಸ್ಸಿಯ ವ್ಯಾಂಡರ್ಬಿಲ್ಟ್, ಸೌತ್ ಕ್ಯಾರೊಲಿನಾದ ಕ್ಲೆಮ್ಸನ್ ವಿಶ್ವವಿದ್ಯಾಲಯಗಳಲ್ಲಿ ಈ ಮಕ್ಕಳಿಗಾಗಿಯೇ ಕಾರ್ಯಕ್ರಮಗಳಿವೆ. ದೇಶದ ಇತರ ಕಾರ್ಯಕ್ರಮಗಳನ್ನು 'ಥಿಂಕ್ ಕಾಲೇಜ್' ಸಂಸ್ಥೆಯ ಪಟ್ಟಿಯಲ್ಲಿ ಹುಡುಕಬಹುದು. ಎಲ್ಲ ಕಾರ್ಯಕ್ರಮಗಳಿಗೂ ಸಿ.ಟಿ.ಪಿ. ಮಾನ್ಯತೆ ಇಲ್ಲ. ಆದ್ದರಿಂದ ಕಾಲೇಜಿಗೆ ಫೋನ್ ಮಾಡಿದಾಗ ಮೊದಲ ಪ್ರಶ್ನೆ ಅದೇ ಆಗಿರಲಿ.

ಇನ್ನೊಂದು ಮಾತು. ಶಾಲೆಯ ದಾಖಲೆಯಲ್ಲಿ 'ಆಟಿಸಂ' ಎಂದಷ್ಟೇ ಇದ್ದರೆ, ಬೌದ್ಧಿಕ ವಿಕಲತೆಯನ್ನು ತೋರಿಸುವ ಪರೀಕ್ಷಾ ವರದಿಯೂ ಬೇಕಾಗುತ್ತದೆ. ಶಾಲೆ ಬಿಡುವ ಮೊದಲೇ ಅದನ್ನು ಕೇಳಿ ಪಡೆಯಿರಿ.

2. ಫ್ಯಾಫ್ಸಾ ಅರ್ಜಿ

ನೆರವಿಗೆಲ್ಲ ಹೆಬ್ಬಾಗಿಲು ಫ್ಯಾಫ್ಸಾ ಅರ್ಜಿ. ಇದಕ್ಕೆ ಶುಲ್ಕವಿಲ್ಲ. 2025-26ರ ಶೈಕ್ಷಣಿಕ ವರ್ಷಕ್ಕೆ ಪೆಲ್ ಗ್ರಾಂಟಿನ ಗರಿಷ್ಠ ಮೊತ್ತ 7,395 ಡಾಲರ್. ಸಾಮಾನ್ಯವಾಗಿ ವಿದ್ಯಾರ್ಥಿಗೆ 24 ವರ್ಷವಾಗುವವರೆಗೆ ತಂದೆತಾಯಿಯ ಆದಾಯವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಹಾಗಾಗಿ ಇಬ್ಬರೂ ದುಡಿಯುವ ಮನೆಗಳಿಗೆ ಪೆಲ್ ಸಿಗದೇ ಹೋಗಬಹುದು. ನಮಗೂ ಸಿಗಲಿಲ್ಲ. ಆದರೂ ಅರ್ಜಿ ಹಾಕಿ. ಮುಂದೆ ಹೇಳುವ ಕಚೇರಿಗಳು ಅದನ್ನೇ ಮೊದಲು ಕೇಳುತ್ತವೆ.

3. ಡಿಪ್ಲೊಮಾಕ್ಕೆ ಅವಸರ ಬೇಡ

ವಿಶೇಷ ಶಿಕ್ಷಣದ ಹಕ್ಕು ಬಹುತೇಕ ರಾಜ್ಯಗಳಲ್ಲಿ 21 ಅಥವಾ 22ರ ವಯಸ್ಸಿನವರೆಗೆ ಇರುತ್ತದೆ. ಆದರೆ ರೆಗ್ಯುಲರ್ ಡಿಪ್ಲೊಮಾ ಪಡೆದ ದಿನವೇ ಅದು ಮುಗಿಯುತ್ತದೆ. ಓರಗೆಯ ಮಕ್ಕಳ ಜೊತೆ ಗೌನು ತೊಟ್ಟು ವೇದಿಕೆ ಏರಬೇಕೆಂಬ ಆಸೆ ಸಹಜ. ಡಿಪ್ಲೊಮಾ ಪಡೆಯದೆಯೂ ಸಮಾರಂಭದಲ್ಲಿ ಭಾಗವಹಿಸಬಹುದೇ ಎಂದು ಶಾಲೆಯನ್ನು ಕೇಳಿ. ಕಾಲೇಜು ಆವರಣದಲ್ಲಿ ಕಲಿಯುವುದನ್ನು ಐ.ಇ.ಪಿ.ಯಲ್ಲಿ ಸೇರಿಸಿದರೆ, ಆ ಖರ್ಚನ್ನು ಶಾಲಾ ಜಿಲ್ಲೆಯೇ ಭರಿಸುವ ಸಾಧ್ಯತೆಯಿದೆ. ಆ ಅವಧಿಯಲ್ಲಿ ಪೆಲ್ ಸಿಗುವುದಿಲ್ಲ.

ಎಚ್-4 ವೀಸಾದಲ್ಲಿರುವ ಕುಟುಂಬಗಳು ಇದನ್ನು ಎರಡು ಸಲ ಓದಬೇಕು. ಮಗುವಿಗೆ ಪೌರತ್ವವೋ ಗ್ರೀನ್ ಕಾರ್ಡೋ ಇಲ್ಲದಿದ್ದರೆ ಪೆಲ್‌ನಂಥ ನೆರವು ಇಲ್ಲ. ಆದರೆ ವಿಶೇಷ ಶಿಕ್ಷಣದ ಹಕ್ಕಿಗೆ ವೀಸಾ ಅಡ್ಡಬರುವುದಿಲ್ಲ. ನಿಮಗೆ ಮುಖ್ಯ ದಾರಿ ಇದೇ.

4. ರಾಜ್ಯದ ವೊಕೇಶನಲ್ ರಿಹ್ಯಾಬಿಲಿಟೇಶನ್ ಕಚೇರಿ

ಕಾಲೇಜು ಕಲಿಕೆಯಿಂದ ಮುಂದೆ ಉದ್ಯೋಗ ಸಿಗುತ್ತದೆ ಎಂದು ತೋರಿಸಿದರೆ ಈ ಕಚೇರಿ ಫೀಸು, ಪುಸ್ತಕ, ಪ್ರಯಾಣ ಇವುಗಳಲ್ಲಿ ಒಂದಷ್ಟನ್ನು ಕೊಡಬಹುದು. ಇದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಗ್ರಾಂಟುಗಳಿಗೆ ಅರ್ಜಿ ಹಾಕಿದ್ದೀರಾ ಎಂದು ಕೇಳುತ್ತಾರೆ. ಫ್ಯಾಫ್ಸಾ ಇಲ್ಲಿ ಕೆಲಸಕ್ಕೆ ಬರುತ್ತದೆ. ನನ್ನ ಮಗನಿಗೆ ಗಿಡಗಳೆಂದರೆ ಪ್ರಾಣ. "ನರ್ಸರಿಯಲ್ಲಿ ಕೆಲಸ ಮಾಡಬೇಕು" ಎಂದು ಅವನೇ ಹೇಳಿದ ಮಾತು ನಾವು ಬರೆದ ಎರಡು ಪುಟಗಳಿಗಿಂತ ಹೆಚ್ಚು ಫಲ ಕೊಟ್ಟಿತು. ಮಗುವನ್ನು ಮಾತಾಡಲು ಬಿಡಿ.

ಡೌನ್ ಸಿಂಡ್ರೋಮ್ ಇರುವವರಿಗೆ 'ರೂಬೀಸ್ ರೇನ್‌ಬೋ' ಎಂಬ ಸಂಸ್ಥೆ ವಿದ್ಯಾರ್ಥಿವೇತನ ಕೊಡುತ್ತದೆ.

5. ಅಜ್ಜಿತಾತ ಕೊಡುವ ಹಣ

ಮಗುವಿಗೆ 18 ತುಂಬಿದ ಮೇಲೆ ಎಸ್.ಎಸ್.ಐ. ಮಾಸಾಶನಕ್ಕೆ ತಂದೆತಾಯಿಯ ಆದಾಯ ಲೆಕ್ಕಕ್ಕಿಲ್ಲ. ಆದರೆ ಮಗುವಿನ ಹೆಸರಿನಲ್ಲಿ 2,000 ಡಾಲರಿಗಿಂತ ಹೆಚ್ಚು ಆಸ್ತಿ ಇರಕೂಡದು. "ಪಾಪದ ಕೂಸು, ಅದರ ಹೆಸರಲ್ಲೂ ಇರಲಿ" ಎಂದು ಊರಲ್ಲಿ ಅಜ್ಜಿ ಪ್ರೀತಿಯಿಂದ ಇಟ್ಟ ಡಿಪಾಸಿಟ್ಟು ಕೂಡ ಆ ಲೆಕ್ಕಕ್ಕೆ ಬರಬಹುದು. ಗ್ರೀನ್ ಕಾರ್ಡ್ ಇರುವವರಿಗೆ ಎಸ್.ಎಸ್.ಐ. ನಿಯಮ ಇನ್ನೂ ಬಿಗಿ.

ಇದಕ್ಕೆ 2014ರ ಕಾನೂನಿನಿಂದ ಬಂದ 'ಏಬಲ್' ಖಾತೆ ಒಳ್ಳೆಯ ಉಪಾಯ. 2025ರಲ್ಲಿ ವರ್ಷಕ್ಕೆ 19,000 ಡಾಲರ್ ವರೆಗೆ ಬಂಧುಮಿತ್ರರು ಅದಕ್ಕೆ ಹಾಕಬಹುದಿತ್ತು. ಅದರಲ್ಲಿನ ಮೊದಲ 1,00,000 ಡಾಲರನ್ನು ಎಸ್.ಎಸ್.ಐ. ಆಸ್ತಿಯೆಂದು ಎಣಿಸುವುದಿಲ್ಲ, ಫೀಸನ್ನೂ ಅದರಿಂದ ಕಟ್ಟಬಹುದು. ಹುಟ್ಟಿದಾಗಲೇ ತೆರೆದ 529 ಖಾತೆಯಿದ್ದರೆ, ವಾರ್ಷಿಕ ಮಿತಿಯೊಳಗೆ ಆ ಹಣವನ್ನು ಏಬಲ್ ಖಾತೆಗೆ ವರ್ಗಾಯಿಸಲೂ ಬರುತ್ತದೆ. ದೊಡ್ಡ ಮೊತ್ತವಾದರೆ ಸ್ಪೆಷಲ್ ನೀಡ್ಸ್ ಟ್ರಸ್ಟ್ ಬಗ್ಗೆ ಬಲ್ಲ ವಕೀಲರನ್ನು ಕಾಣಿರಿ. ಪೆಲ್ ಗ್ರಾಂಟ್ ಬಂದರೆ ಎಸ್.ಎಸ್.ಐ. ಕಡಿತವಾಗುವುದೆಂಬ ಭಯ ಬೇಡ. ಅದನ್ನು ಆದಾಯವೆಂದು ಎಣಿಸುವುದಿಲ್ಲ.

ಮನೆಪಾಠ

ಮಗುವಿಗೆ 14 ಆಗಿದ್ದರೆ ಈ ತಿಂಗಳೇ ಮೂರು ಕೆಲಸ ಮಾಡಿ: ಮುಂದಿನ ಐ.ಇ.ಪಿ. ಸಭೆಯಲ್ಲಿ 'ಕಾಲೇಜು' ಎಂಬ ಪದವನ್ನು ಬರೆಸಿ. ಮಗುವಿನ ಹೆಸರಲ್ಲಿ ಇಲ್ಲಿ, ಊರಲ್ಲಿ ಏನೇನಿದೆ ಎಂದು ಪಟ್ಟಿ ಮಾಡಿ. ಹತ್ತಿರದ ಒಂದು ಕಾರ್ಯಕ್ರಮವನ್ನು ಮಗುವಿನ ಜೊತೆ ಹೋಗಿ ನೋಡಿ ಬನ್ನಿ. ಹನಿಗೂಡಿದರೆ ಹಳ್ಳ. ನಮ್ಮ ಖರ್ಚೂ ಒಂದೇ ಕಡೆಯಿಂದ ಬರಲಿಲ್ಲ. ನಾಲ್ಕು ಕಡೆಯಿಂದ ಸ್ವಲ್ಪ ಸ್ವಲ್ಪ ಕೂಡಿತು, ಉಳಿದದ್ದನ್ನು ನಾವು ಕಟ್ಟುತ್ತಿದ್ದೇವೆ.

ಪ್ರಶ್ನೆಗಳಿದ್ದರೆ ಮುಂದಿನ ಕಾರ್ಯಕ್ರಮದಲ್ಲಿ ಸಂಕೋಚವಿಲ್ಲದೆ ಕೇಳಿ. ಊಟದ ಸಾಲಿನಲ್ಲೇ ಮಾತಾಡೋಣ.

ಇಂತಿ ನಿಮ್ಮವ,
ಕೂಟದ ಸದಸ್ಯನೊಬ್ಬ